ಎರಡು ತಿಂಗಳು ಇಂಜೆಕ್ಷನ್ ಬೇಡ

ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ. ಊರವರ ಬಾಯಲ್ಲಿ ಅದು ಬರೀ ‘ಇಂಜೆಕ್ಷನ್’. ಕಟ್ಟಾಯದ ಸುತ್ತಮುತ್ತ ನನ್ನ ಕೈಗುಣಕ್ಕೆ ಒಳ್ಳೆ ಹೆಸರಿದೆ. ಗಬ್ಬದ ಪರೀಕ್ಷೆ ಮಾಡಿ ‘ನಿಂತಿದೆ’ ಎಂದರೆ ಸಾಕು, ಕಾಫಿ ಕುಡಿಸದೆ ಕಳಿಸುವುದಿಲ್ಲ. ಆ ಒಂದು ಮಾತನ್ನು ಹಾಸನದ ಆಸ್ಪತ್ರೆಯಲ್ಲಿ ಯಾರಾದರೂ ನಮಗೂ ಹೇಳಲಿ ಎಂದು ನಾನೂ ನನ್ನ ಹೆಂಡತಿಯೂ ನಾಲ್ಕು ವರ್ಷದಿಂದ ಕಾಯುತ್ತಿದ್ದೇವೆ.

ಮೊನ್ನೆ ನಿಂಗಮ್ಮ ಎಂಬ ಮುದುಕಿಯ ಕೊಟ್ಟಿಗೆಗೆ ಹೋಗಿದ್ದೆ. ಅವರ ಹಸುವಿಗೆ ಮೂರು ಸಲ ಮಾಡಿದರೂ ಗಬ್ಬ ನಿಂತಿರಲಿಲ್ಲ. ಮತ್ತೆ ಬೆದೆಗೆ ಬಂದಿದೆಯೆಂದು ಮಗ ಫೋನ್ ಮಾಡಿದ್ದ. ನಾನು ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ನಿಂಗಮ್ಮ ಅಡ್ಡ ಬಂದು ನಿಂತರು.

“ಬ್ಯಾಡ ಬುಡಿ ಸಾ. ನಿಮ್ ಬೈಕ್ ಸದ್ದು ಕೇಳುದ್ರೇ ಅದು ನಡುಗ್ತದೆ. ಎರಡು ತಿಂಗ್ಳು ಸುಮ್ಕೆ ಮೇಯ್ಕಂಡಿರ್ಲಿ.”

“ತಡ ಮಾಡಿದ್ರೆ ಕಷ್ಟ ಅಮ್ಮ,” ಎಂದೆ. ಡಾಕ್ಟರು ನಮಗೆ ಹೇಳುವ ಮಾತೇ ಅದು.

“ಕರ ಹಾಕ್ದಿದ್ರೂ ಅದು ನಮ್ಮನೆ ಹಸಾನೇ ಅಲ್ವಾ ಸಾ.”

ನಾನು ಕೈಗವಸನ್ನು ಮತ್ತೆ ಚೀಲಕ್ಕೆ ಹಾಕಿದೆ. ಇಂಥ ಮಾತನ್ನು ನನ್ನ ಹೆಂಡತಿಗೆ ಇದುವರೆಗೆ ಯಾರೂ ಹೇಳಿಲ್ಲ, ನಾನೂ ಹೇಳಿಲ್ಲ. ಇಂಜೆಕ್ಷನ್‌ಗೆಂದು ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ಗೊತ್ತಿದ್ದೂ ನಾನು ಹೊರಗೆ ಬೈಕ್ ಒರೆಸುತ್ತಾ ನಿಂತಿರುತ್ತೇನೆ.

ಸಂಜೆ ಮನೆಗೆ ಹೋಗಿ, “ಎರಡು ತಿಂಗಳು ಇಂಜೆಕ್ಷನ್ ಬೇಡ, ಸುಮ್ಮನೆ ಇದ್ದುಬಿಡೋಣ,” ಎಂದೆ.

ಅವಳು ನನ್ನ ಮುಖ ನೋಡಿದಳು. “ಯಾವ ಡಾಕ್ಟ್ರು ಹೇಳಿದ್ದು?”

“ಕಟ್ಟಾಯದಲ್ಲಿ ಒಬ್ಬರು ಅಮ್ಮ.”

ಅವಳ ಭುಜ ಸಡಿಲವಾಯಿತು. ಆಮೇಲೆ ಮೆಲ್ಲಗೆ, “ಎರಡೇ ತಿಂಗಳು ತಾನೇ?” ಎಂದು ಕೇಳಿದಳು.

ಎರಡೇ ಎಂದೆ. ಆ ಅಮ್ಮ ನೋಡಿದ ಪೇಷೆಂಟ್ ಯಾರೆಂದು ಮಾತ್ರ ಇನ್ನೂ ಹೇಳಿಲ್ಲ.