ಜೂನ್ ಒಂದರಂದು ಹುಟ್ಟಿದವರು

೨೦೦೫ನೆಯ ಇಸವಿ. ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಗಣಕವಿಜ್ಞಾನದ ಸಂಶೋಧಕನಾಗಿದ್ದೆ. ನಗರದ ಒಂದು ಆಸ್ಪತ್ರೆಯನ್ನು ಭದ್ರಾವತಿಯ ಇನ್ನೊಂದು ಆಸ್ಪತ್ರೆಯೊಂದಿಗೆ ಜಾವಾ ವೆಬ್ ಸರ್ವೀಸ್ ಎಂಬ ತಂತ್ರಾಂಶಗಳ ಮೂಲಕ ಜೋಡಿಸುವುದು ನಮ್ಮ ತಂಡದ ಕೆಲಸ. ಎರಡೂ ಕಡೆಯ ಗಣಕಗಳ ಒಳರಚನೆ ಬೇರೆ ಬೇರೆ; ಅದನ್ನು ಬದಲಿಸುವಂತಿರಲಿಲ್ಲ. ಒಂದು ಗಣಕ ಗೊತ್ತಾದ ರೂಪದಲ್ಲಿ ಪ್ರಶ್ನೆ ಕಳುಹಿಸಬೇಕು, ಮತ್ತೊಂದು ಗೊತ್ತಾದ ರೂಪದಲ್ಲೇ ಉತ್ತರಿಸಬೇಕು. ಈ ಒಪ್ಪಂದಕ್ಕೆ ‘ಸರ್ವೀಸ್ ಕಾಂಟ್ರಾಕ್ಟ್’ ಎಂದು ಹೆಸರು.

ಮಧ್ಯಾಹ್ನದ ಮಂಪರಿನಲ್ಲಿ ಕುಳಿತು, ಪ್ರಶ್ನೆಯೊಂದು ದೂರವಾಣಿ ತಂತಿಯಲ್ಲಿ ಹೊರಟು, ಗದ್ದೆಬಯಲು ದಾಟಿ, ಭದ್ರಾವತಿಯ ಕಾಗದದ ಗಿರಣಿಯ ಹೊಗೆಯಡಿ ಹಾದು ಉತ್ತರ ಹೊತ್ತು ಮರಳುವುದನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಒಂದು ಊರು ನಿದ್ದೆಯಲ್ಲಿ ಕೇಳಿದ್ದಕ್ಕೆ ಇನ್ನೊಂದು ಊರು ನಿದ್ದೆಯಲ್ಲೇ ಓಗೊಟ್ಟಂತೆ.

ಪ್ರಾಯೋಗಿಕ ಬಳಕೆ ನಡೆದಿದ್ದಾಗ ಭದ್ರಾವತಿಯ ಕಾಗದನಗರದ ರತ್ನಮ್ಮ ಎಂಬವರು ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗದಲ್ಲಿ ದಾಖಲಾದರು. ಮರುದಿನ ಬೆಳಗ್ಗೆ ಶಸ್ತ್ರಚಿಕಿತ್ಸೆ. ಭದ್ರಾವತಿಯಿಂದ ಪರದೆಗೆ ಬಂದ ದಾಖಲೆಯನ್ನು ನರ್ಸ್ ಸರೋಜಾ ಓದಿದರು: “ಅಪೆಂಡಿಕ್ಸ್ ತೆಗೆಸಿದ್ದೀರಲ್ಲ ಅಕ್ಕ. ಅಲರ್ಜಿ ಏನೂ ಇಲ್ಲ ಅಂತಿದೆ.”

“ನನ್ನ ಹೊಟ್ಟೆಗೆ ಇವತ್ತಿನವರೆಗೂ ಕತ್ತಿ ತಾಗಿಲ್ಲ ಮಾರಾಯ್ತಿ. ನಿಮ್ಮ ಕಂಪ್ಯೂಟರ್ ಕನಸಲ್ಲಿ ಕೊಯ್ತೇನೋ,” ಎಂದ ರತ್ನಮ್ಮ ಗಂಭೀರರಾದರು. “ಭದ್ರಾವತೀಲಿ ಒಂದ್ಸಲ ಯಾವ್ದೋ ಇಂಜೆಕ್ಷನ್ ಕೊಟ್ಟು ಮುಖ ಊದ್ಕೊಂಡು ಉಸಿರೇ ನಿಂತಂಗಾಗಿತ್ತು. ಅದರ ಹೆಸರು ನಂಗೊತ್ತಿಲ್ಲ.”

ಆ ಹೆಸರು ಸಿಗದಿದ್ದರೆ ಅದೇ ಔಷಧ ಮತ್ತೆ ಅವರ ರಕ್ತ ಸೇರಬಹುದಿತ್ತು.

ನಾನು ಅಲ್ಲೇ ಇದ್ದೆ. “ಹೆಸರು, ಜನ್ಮದಿನಾಂಕ ಎರಡೂ ತಾಳೆಯಾಗಿವೆಯಲ್ಲಮ್ಮ. ಜೂನ್ ಒಂದು.”

“ಅಯ್ಯೋ ಸಾರ್, ನಮ್ಮ ಕ್ಲಾಸಲ್ಲಿ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದೋರು. ಶಾಲೆಗೆ ಸೇರಿಸ್ವಾಗ ಮೇಷ್ಟ್ರು ಬರ್ಕೊಂಡಿದ್ದು. ನಮ್ಮಮ್ಮನ್ನ ಕೇಳಿದ್ರೆ ದೀಪಾವಳಿ ಕಳೆದ ಮೇಲೆ ಅಂತಾಳೆ. ನಿಮ್ದೂ ಜೂನ್ ಒಂದೇ ಇರ್ಬೇಕು.”

ಸರೋಜಾ ನನ್ನತ್ತ ತಿರುಗಿದರು. ನನ್ನದೂ ಅದೇ ಆಗಿತ್ತು.

ಎರಡೂ ಆಸ್ಪತ್ರೆಗಳ ನೋಂದಣಿ ಸಂಖ್ಯೆಗಳು ಬೇರೆಯಾದ್ದರಿಂದ ಹೆಸರು ಮತ್ತು ಜನ್ಮದಿನಾಂಕದಿಂದಲೇ ರೋಗಿಯನ್ನು ಹುಡುಕುವಂತೆ ಕಾಂಟ್ರಾಕ್ಟ್ ಬರೆದಿದ್ದೆವು. ಪ್ರತಿ ದಿನಾಂಕವನ್ನೂ ತಾಳೆ ನೋಡಿದ್ದೆವು. ತಾಳೆಯಾದದ್ದೆಲ್ಲ ನಿಜವೇ ಎಂದು ಕೇಳಿರಲಿಲ್ಲ. ಮೊದಲು ಸಿಕ್ಕ ದಾಖಲೆಯನ್ನು ಕೊಟ್ಟು ಸರ್ವೀಸ್ ಸುಮ್ಮನಾಗುತ್ತಿತ್ತು.

ಆ ಸಂಜೆಯೇ ಒಪ್ಪಂದ ತಿದ್ದಿದೆವು: ಹೊಂದುವ ದಾಖಲೆಗಳನ್ನೆಲ್ಲ ಕೊಡು, ಆಯ್ಕೆಯನ್ನು ನೀನು ಮಾಡಬೇಡ. ಮತ್ತೆ ಕೇಳಿದಾಗ ಒಬ್ಬರ ಜಾಗದಲ್ಲಿ ಇಬ್ಬರು ರತ್ನಮ್ಮಂದಿರು ಬಂದರು. ಗಂಡನ ಹೆಸರು, ಕ್ವಾರ್ಟರ್ಸಿನ ವಿಳಾಸ ಕೇಳಿ ಸರೋಜಾ ಎರಡನೆಯವರನ್ನು ಗುರುತಿಸಿದರು. ಆ ದಾಖಲೆಯ ಅಲರ್ಜಿಯ ಸಾಲಿನಲ್ಲಿತ್ತು ಪೆನಿಸಿಲಿನ್. ಭದ್ರಾವತಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ವೈದ್ಯರು ಮರುದಿನದ ಔಷಧ ಬದಲಿಸಿದರು.

ಗೊತ್ತಿಲ್ಲದಾಗ ನಿಂತು ಮನುಷ್ಯರನ್ನು ಕೇಳುವುದೂ ಒಂದು ಉತ್ತರವೇ. ಅದಕ್ಕೆ ಒಪ್ಪಂದದಲ್ಲಿ ಜಾಗವಿರಬೇಕು ಎಂಬುದನ್ನು ಈ ವೃತ್ತಿ ನನಗೆ ಅಂದು ಕಲಿಸಿತು.

ರತ್ನಮ್ಮ ಗುಣವಾಗಿ ಮನೆಗೆ ಹೊರಟಾಗ ಕೇಳಿದರು: “ಆ ಇನ್ನೊಬ್ಬಳು ಚೆನ್ನಾಗಿದಾಳಾ ಸಾರ್?”

ಅದನ್ನು ತಿಳಿಸುವ ಹಕ್ಕು ನಮಗಿರಲಿಲ್ಲ. “ಇರ್ತಾಳೆ ಬಿಡಿ,” ಎಂದು ತಾವೇ ಹೇಳಿಕೊಂಡು ಅವರು ಭದ್ರಾವತಿಯ ಬಸ್ಸು ಹತ್ತಿದರು.