ಸ್ಟೆಲ್ಲಾ ಮಿಸ್ ಮನೆಯ ಎಡಗಡೆ ಸ್ಪೀಕರ್

ಎರಡು ವರ್ಷದ ಹಿಂದಿನ ಮಾತು. ಇಂದಿರಾನಗರದ ಒಂದು ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ಸೌಂಡ್ ಎಂಜಿನಿಯರ್ ಆಗಿದ್ದು ನಿವೃತ್ತನಾದ ನಾನು, ಮನೆಗಳಲ್ಲಿ ಸಂಗೀತ ಕೇಳುವ ಉಪಕರಣ ಆರಿಸಿಕೊಡುವ ಸಲಹೆಗಾರನ ಕೆಲಸ ಹಿಡಿದಿದ್ದೆ. ಈ ಕೆಲಸಕ್ಕೆ ಬೇಕಾದ ದೊಡ್ಡ ಅರ್ಹತೆ ಅನುಮಾನ. ನನಗದು ಹುಟ್ಟಿನಿಂದಲೇ ಬಂದಿದೆ. ಹಲಸೂರು ಮಾರುಕಟ್ಟೆಯಲ್ಲಿ ತರಕಾರಿಯವನ ತಕ್ಕಡಿಯನ್ನೂ ತಿರುಗಿಸಿ ನೋಡುವವನು ನಾನು.

ಹೈ-ಎಂಡ್ ಆಡಿಯೊ ವ್ಯಾಪಾರದಲ್ಲಿ ಕಿವಿ ಮೇಲೆ ಹೂವಿಡುವವರಿಗೆ ಬರವಿಲ್ಲ. ಅದರಲ್ಲೂ ಡ್ಯಾಕ್ ವಿಷಯದಲ್ಲಿ. ಫೋನಿನಲ್ಲೋ ಸ್ಟ್ರೀಮರ್‌ನಲ್ಲೋ ಬರುವ ಹಾಡು ಬರೀ ಅಂಕಿಗಳ ಸಾಲು. ಅದನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಿಸಿ ಆಂಪ್ಲಿಫೈಯರ್‌ಗೆ ಕೊಡುವ ಪೆಟ್ಟಿಗೆಯೇ ಡ್ಯಾಕ್. ಸಾಧಾರಣದ್ದೂ ಈಗ ಚೆನ್ನಾಗಿಯೇ ಕೆಲಸ ಮಾಡುತ್ತದೆ. ದುಬಾರಿಯದ್ದು ಎಷ್ಟು ಮೇಲು ಎನ್ನುವಲ್ಲಿ ಜಗಳ, ಮತ್ತು ಜಗಳ ಇರುವಲ್ಲಿ ವ್ಯಾಪಾರ.

ಕ್ರಿಸ್‌ಮಸ್ ತಯಾರಿ ಶುರುವಾಗುವ ಹೊತ್ತಿಗೆ ಫ್ರೇಜರ್ ಟೌನಿನಿಂದ ಜೋಸೆಫ್ ಸರ್ ಫೋನ್ ಮಾಡಿದರು. ಅವರ ಹೆಂಡತಿ ಸ್ಟೆಲ್ಲಾ ಮಿಸ್ ಪಿಯಾನೊ ಟೀಚರ್, ಅಲ್ಲಿನ ಒಂದು ಚರ್ಚಿನ ಗಾಯಕವೃಂದದ ನಾಯಕಿ. ಬೇರೆ ಊರಿನ ವೃಂದಗಳ ಹಾಡುಗಾರಿಕೆಯನ್ನು ಮನೆಯಲ್ಲಿ ಕೇಳಿ, ತಮ್ಮವರಿಗೆ ಕಲಿಸುವುದು ಅವರ ಪದ್ಧತಿ.

"ಎರಡು ಡ್ಯಾಕ್ ವಾಪಸ್ ಕಳಿಸಿದ್ಲು ಸರ್. ಈಗ ಮೂರನೇದು ತುಂಬಾ ಕಾಸ್ಟ್ಲಿ, ಬಂದ್ ನೋಡ್ರಿ" ಎಂದರು.

ಹೋದಾಗ ಅಂಗಡಿಯವನು ಹಾಜರಿದ್ದ. ಹಳೆಯ ಡ್ಯಾಕ್‌ನಲ್ಲಿ ಒಂದು ಹಾಡು, ಹೊಸದರಲ್ಲಿ ಅದೇ ಹಾಡು ಹಾಕಿ, "ಕೇಳಿದ್ರಾ ಮೇಡಂ, ಎಷ್ಟು ಓಪನ್ ಆಯ್ತು!" ಎಂದ. ನಿಜಕ್ಕೂ ಹೊಸದೇ ಚೆನ್ನಾಗಿ ಕೇಳಿಸಿತು. ಅದಕ್ಕೇ ನನಗೆ ಅನುಮಾನ ಬಂತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಮಲ್ಟಿಮೀಟರ್ ತೆಗೆದು ಸ್ಪೀಕರ್ ತುದಿಯಲ್ಲಿ ವೋಲ್ಟೇಜ್ ಅಳೆದೆ. ಹೊಸ ಪೆಟ್ಟಿಗೆ ಜೋರಾಗಿ ಬರುವಂತೆ ಇಟ್ಟಿದ್ದ. ಕೊಂಚ ಜೋರಾದದ್ದೆಲ್ಲ ಕಿವಿಗೆ ಚೆನ್ನಾಗಿಯೇ ಕೇಳುತ್ತದೆ, ಇದು ನಮ್ಮ ವೃತ್ತಿಯ ಹಳೇ ಚಮತ್ಕಾರ. ಎರಡನ್ನೂ ಸಮ ಮಾಡಿ, ಟವೆಲ್ ಹೊದಿಸಿ, ಯಾವುದು ಯಾವುದೆಂದು ಹೇಳದೆ ಹಾಕಿದೆ. ಮಿಸ್ ಗುರುತು ಹಿಡಿಯಲಿಲ್ಲ. ನನಗೂ ವ್ಯತ್ಯಾಸ ಕೇಳಿಸಲಿಲ್ಲ. ಅಂಗಡಿಯವನು ತನಗೆ ದೊಮ್ಮಲೂರಿನಲ್ಲಿ ಇನ್ನೊಂದು ಡೆಲಿವರಿ ಇದೆ ಎಂದು ನೆನಪು ಮಾಡಿಕೊಂಡು ಹೊರಟ.

ನಾನು ಗೆದ್ದೆ ಎಂದುಕೊಂಡು ಕಾಫಿ ಲೋಟ ಎತ್ತಿದೆ. ಆದರೆ ಮಿಸ್ ಮುಖ ಅರಳಲಿಲ್ಲ.

"ಅದೆಲ್ಲ ಸರಿ ಮೂರ್ತಿ. ಆದ್ರೆ ಎರಡರಲ್ಲೂ ಲೆಫ್ಟ್ ಸತ್ತೇ ಹೋಗಿದೆಯಲ್ಲ? ಅದಕ್ಕೇ ತಾನೇ ನಾನು ಡ್ಯಾಕ್ ಬದಲಾಯಿಸ್ತಿರೋದು!"

ನನಗೆ ಎಡ ಸ್ಪೀಕರ್ ಸರಿಯಾಗಿಯೇ ಕೇಳುತ್ತಿತ್ತು. ಆದರೂ ಗಿರಾಕಿಯ ದೂರನ್ನು ಪರೀಕ್ಷಿಸದೆ ತಳ್ಳಿಹಾಕಬಾರದು. ನಮ್ಮ ವಿದ್ಯೆ ಸರಳ: ಅದಲುಬದಲು ಮಾಡು, ದೋಷ ಯಾರ ಹಿಂದೆ ಹೋಗುತ್ತದೆ ನೋಡು. ಡ್ಯಾಕ್‌ನ ಎಡ ಬಲ ತಂತಿಗಳನ್ನು ಬದಲಿಸಿದೆ. ದೋಷ ಡ್ಯಾಕ್‌ನದಾಗಿದ್ದರೆ ಬಲಕ್ಕೆ ಹೋಗಬೇಕಿತ್ತು. "ಲೆಫ್ಟೇ" ಎಂದರು. ಸ್ಪೀಕರ್‌ಗಳನ್ನೇ ಜೋಸೆಫ್ ಸರ್ ಜೊತೆ ಹೊತ್ತು ಸ್ಥಳ ಬದಲಿಸಿದೆ. "ಲೆಫ್ಟೇ." ಉಳಿದದ್ದು ಕೋಣೆ. ಎಡಕ್ಕೆ ಕಿಟಕಿ, ದಪ್ಪ ಪರದೆ. ಬಲಕ್ಕೆ ಬೋಳು ಗೋಡೆ. ಪರದೆ ದನಿ ನುಂಗುತ್ತದೆ. ಸಿಕ್ಕಿಬಿದ್ದ ಕಳ್ಳ ಎಂದು ಖುಷಿಯಾಯಿತು.

ಖಚಿತ ಮಾಡಿಕೊಳ್ಳಲು ಕುರ್ಚಿ ತಿರುಗಿಸಿ, ಸ್ಪೀಕರ್‌ಗಳಿಗೆ ಬೆನ್ನು ಮಾಡಿ ಕೂರಲು ಹೇಳಿದೆ. ದೋಷ ಪರದೆಯದಾದರೆ ಮಿಸ್ ಕಿಟಕಿಯ ಕಡೆ ಬೆರಳು ತೋರಿಸಬೇಕು.

ಅವರು ಗೋಡೆಯ ಕಡೆ ತೋರಿಸಿದರು.

"ಈಗ ಈ ಕಡೆ ಸತ್ತಿದೆ ಪಾ! ಏನ್ ಮನೆ ಇದು?"

ನನ್ನ ಕೈಯಲ್ಲಿದ್ದ ತಂತಿ ಕೆಳಗಿಟ್ಟೆ. ದೋಷ ಕುರ್ಚಿಯ ಜೊತೆಗೇ ತಿರುಗಿತ್ತು. ಭಯವಾಯಿತು, ಹೇಗೆ ಹೇಳಲಿ ಎಂದು.

"ಮಿಸ್, ಫೋನ್ ಯಾವ ಕಿವಿಗೆ ಇಟ್ಕೋತೀರಾ?"

"ಮೊದ್ಲು ಎಡಕ್ಕೆ. ಈಗ ಬಲಕ್ಕೆ. ಆ ಫೋನೂ ಕೆಟ್ಟಿದೆ, ಎಡಕ್ಕೆ ಇಟ್ರೆ ಏನೂ ಕೇಳಲ್ಲ."

"ಕ್ವಯರ್‌ನಲ್ಲಿ ಎಡಗಡೆ ಯಾರು ನಿಲ್ತಾರೆ?"

ಅದಕ್ಕೆ ಉತ್ತರ ಜೋಸೆಫ್ ಸರ್ ಕೊಟ್ಟರು. "ಆಲ್ಟೊ ಹುಡುಗೀರು. ಬಾಯೇ ಬಿಡಲ್ಲ ಅಂತ ದಿನಾ ಬೈತಾಳೆ ಸರ್. ಪಾಪ, ಮೊನ್ನೆ ಒಬ್ಬಳು ಅಳ್ತಾ ಮನೆಗೆ ಹೋದ್ಲು." ಮಂದ್ರದ ಸ್ವರ ಹಾಡುವ ಆ ಹೆಣ್ಣುಮಕ್ಕಳನ್ನು ಮಿಸ್‌ ತಾವೇ ಆರಿಸಿ ತಯಾರು ಮಾಡಿದ್ದರು.

ಮಿಸ್ ನಿಧಾನವಾಗಿ ಬಲಗಿವಿಯನ್ನು ಬೆರಳಿಂದ ಮುಚ್ಚಿಕೊಂಡರು. ಹಾಡು ನಡೆದೇ ಇತ್ತು. ಅವರ ಮುಖದ ಬಣ್ಣ ಇಳಿಯಿತು.

"ಶೀತ ಆದಾಗ ಗುಂಯ್ ಅಂತಿತ್ತು" ಎಂದರು. "ಹೋಯ್ತು ಅಂದ್ಕೊಂಡೆ. ಕಿವಿನೇ ಹೋಗಿತ್ತಾ?"

"ಡಾಕ್ಟರ್ ಹೇಳ್ಬೇಕು ಮಿಸ್. ಆದ್ರೆ ಇವತ್ತೇ ಹೋಗ್ಬೇಕು, ನಾಳೆ ಅನ್ಬೇಡಿ." ಒಂದೇ ಕಿವಿ ಹಠಾತ್ತಾಗಿ ಮಂದವಾದರೆ ತಡ ಮಾಡಬಾರದು ಎಂಬುದು ಸ್ಟುಡಿಯೊದಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದ ಮಾತು.

ಜೋಸೆಫ್ ಸರ್ ಆಟೊ ತರಲು ಮಾಸ್ಕ್ ರೋಡಿಗೆ ಓಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ನಾವೆಲ್ಲ ಸೇರಿ ಪೆಟ್ಟಿಗೆಗಳಿಗೆ ಚಿಕಿತ್ಸೆ ಮಾಡುತ್ತಿದ್ದೆವು. ಕಿವಿ ಡಾಕ್ಟರು ನರದ ತೊಂದರೆ ಎಂದರಂತೆ. ಇನ್ನೂ ತಡವಾಗಿದ್ದರೆ ಏನೂ ಉಳಿಯುತ್ತಿರಲಿಲ್ಲ ಎಂದು ಔಷಧಿ ಶುರುಮಾಡಿದರು. ಕೇಳುವ ಶಕ್ತಿ ಅರ್ಧಂಬರ್ಧ ಮರಳಿತು. ದುಬಾರಿ ಡ್ಯಾಕ್ ಅಂಗಡಿಗೆ ವಾಪಸ್ ಹೋಯಿತು.

ಕ್ರಿಸ್‌ಮಸ್‌ಗೆ ನನ್ನನ್ನೂ ಕರೆದಿದ್ದರು. ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತೆ. ಅಂದು ಆಲ್ಟೊ ಹುಡುಗಿಯರು ಬಲಕ್ಕೆ ನಿಂತಿದ್ದರು. ಪ್ರಾಕ್ಟೀಸಿನಲ್ಲಿ ಎಲ್ಲರೆದುರು ಮಿಸ್ ಆ ಹುಡುಗಿಯರ ಕ್ಷಮೆ ಕೇಳಿದರು ಎಂದು ಜೋಸೆಫ್ ಸರ್ ಪಿಸುಗುಟ್ಟಿದರು. ಹಾಡು ಏರಿದಾಗ ಮಿಸ್ ತಲೆ ತುಸು ವಾಲಿಸಿ ಆ ಮಂದ್ರ ದನಿಗಳಿಗೆ ಒಳ್ಳೆಯ ಕಿವಿ ಕೊಟ್ಟು ನಿಂತಿದ್ದನ್ನು ಕಂಡು ನನ್ನ ಕಣ್ಣು ತುಂಬಿತು. ಅಳುತ್ತಾ ಹೋಗಿದ್ದ ಹುಡುಗಿ ಯಾರೆಂದು ನಾನು ಕೇಳಲಿಲ್ಲ. ಎಲ್ಲರೂ ಬಾಯಿ ತುಂಬ ಹಾಡುತ್ತಿದ್ದರು.

ನನ್ನ ಅನುಮಾನವೇನೂ ಕಡಿಮೆಯಾಗಿಲ್ಲ, ಅಂಗಡಿಯವರ ಮೇಲಂತೂ ಜಾಸ್ತಿಯೇ ಆಗಿದೆ. ಆದರೆ ಈಗ ಯಾರೇ ಡ್ಯಾಕ್ ಆರಿಸಿಕೊಡಿ ಎಂದು ಕರೆದರೂ, ಪೆಟ್ಟಿಗೆ ಮುಟ್ಟುವ ಮೊದಲು ಅವರ ಕುರ್ಚಿ ತಿರುಗಿಸುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ, ಆಮೇಲೆ ನನ್ನ ಕುರ್ಚಿಯನ್ನೂ ತಿರುಗಿಸಿ ಕೂರುತ್ತೇನೆ.