ನಾನು ತುಂಬದೆ ಬಿಟ್ಟ ಉಡಿ

ನಿಂಗವ್ವನ ಗುಟ್ಟನ್ನು ಬಯಲು ಮಾಡಿದವಳು ನಾನು. ಹುಸೇನಬಿ ಅಲ್ಲ. ಆರು ವರ್ಷ ಈ ಮಾತು ನನ್ನ ಗಂಟಲಲ್ಲೇ ಕೂತಿತ್ತು. ಆಮೇಲೆ ಒಂದು ಸಭೆಯಲ್ಲಿ ಹೇಳಿದೆ — ಆದರೆ ಅದನ್ನು ಕೇಳಿಸಿಕೊಂಡವರು ಹತ್ತು ಜನ. ಹುಸೇನಬಿಯನ್ನು ಬೈದವರು ಊರು ತುಂಬ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ನರ್ಸ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ — ನಾಲ್ಕೂ ತಾಲೂಕು ಸುತ್ತಿ ನೌಕರಿ ಮಾಡಿದವಳು. ಇದು ಯಾವ ಊರಿನ ಆಸ್ಪತ್ರೆ ಎಂದು ಕೇಳಬೇಡಿ, ತಪ್ಪು ಊರಿನದಲ್ಲ, ನನ್ನದು. ಹೆಸರು ಶಾಂತಾ. ಹೆಸರಿಟ್ಟವರು ನನ್ನ ಬಾಯಿ ಕೇಳಿರಲಿಲ್ಲ! ಹೆರಿಗೆ ವಾರ್ಡಿನಲ್ಲಿ ನಾನು ದನಿ ತೆಗೆದರೆ ಹೊರಗೆ ಬೀಡಿ ಸೇದುತ್ತ ಕೂತ ಗಂಡಂದಿರೆಲ್ಲ ಎದ್ದು ಗೇಟಿನಾಚೆ ಹೋಗುತ್ತಿದ್ದರು. ಆದರೂ ಬಸುರಿಯರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಯಾಕೆಂದರೆ ಮನೆಗೆ ಹೊರಟ ಪ್ರತಿ ಬಾಣಂತಿಗೂ ನಾನು ಉಡಿ ತುಂಬುತ್ತಿದ್ದೆ. ಸೆರಗಿಗೆ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ರವಿಕೆ ಖಣ — ತವರಿನಿಂದ ಮಗಳನ್ನು ಕಳಿಸಿದ ಹಾಗೆ. ಮುಸ್ಲಿಂ ಹೆಣ್ಣುಮಕ್ಕಳೂ ಕುಂಕುಮ ಬಿಟ್ಟು ಸೆರಗೊಡ್ಡುತ್ತಿದ್ದರು. ತಟ್ಟೆ ಹಿಡಿದು ನನ್ನ ಹಿಂದೆ ಬರುತ್ತಿದ್ದವಳು ಆಯಾ ಹುಸೇನಬಿ, ದಿನಗೂಲಿಯ ಹೆಂಗಸು.

ನಿಂಗವ್ವನಿಗೆ ಅದು ಚೊಚ್ಚಲ ಹೆರಿಗೆ. ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇದೆಯೆಂದು ಬಂದಿತ್ತು. ಆಗ ನಾವು ನರ್ಸುಗಳೂ ಅದರ ಹೆಸರು ಹೇಳುತ್ತಿರಲಿಲ್ಲ, ‘ಆ ರೋಗ’ ಎನ್ನುತ್ತಿದ್ದೆವು. ಗೊತ್ತಿದ್ದವರು ಮೂವರೇ — ಡಾಕ್ಟರು, ನಾನು, ನಿಂಗವ್ವ. ಎರಡೆರಡು ಗ್ಲೌಸ್ ಹಾಕಿಕೊಂಡು ಹೆರಿಗೆ ಮಾಡಿಸಿದೆ. ಹೆಣ್ಣುಕೂಸು, ಗುಂಡು ಗುಂಡಾಗಿತ್ತು.

ಮೂರು ಜನ ಬಾಣಂತಿಯರು ಒಟ್ಟಿಗೆ ಮನೆಗೆ ಹೊರಟ ದಿನ. ಇಬ್ಬರಿಗೆ ಉಡಿ ತುಂಬಿದೆ. ಮೂರನೆಯವಳು ನಿಂಗವ್ವ, ನಗುತ್ತ ಸೆರಗೊಡ್ಡಿದಳು. ನನ್ನ ಮುಷ್ಟಿಯಲ್ಲಿ ಅಕ್ಕಿ ಇತ್ತು. ಮುಟ್ಟಿದರೆ ಬರುವ ರೋಗ ಅಲ್ಲವೆಂದು ನನಗೆ ಗೊತ್ತಿತ್ತು, ತರಬೇತಿಯಲ್ಲಿ ಕಲಿತಿದ್ದೆ, ಬೇರೆಯವರಿಗೂ ಹೇಳಿಕೊಟ್ಟಿದ್ದೆ. ಗೊತ್ತಿದ್ದೂ — ಅಕ್ಕಿಯನ್ನು ತಟ್ಟೆಗೆ ಸುರಿದುಬಿಟ್ಟೆ.

“ಆಕೀಗಿ ಬ್ಯಾಡ,” ಎಂದೆ.

“ಯಾಕ್ರಿ ಸಿಸ್ಟರ್? ನಮ್ಮ ಸೊಸಿ ಏನ್ ಪಾಪ ಮಾಡ್ಯಾಳ?” ಎಂದಳು ಪಕ್ಕದಲ್ಲಿದ್ದ ಅತ್ತೆ.

ನಾನು ತಿರುಗಿ ಹೊರಟುಹೋದೆ. ನಿಂಗವ್ವ ಒಡ್ಡಿದ ಸೆರಗನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು. ಪಕ್ಕದ ಮಂಚದವಳು ಹೆರಿಗೆಯ ದಿನ ನನ್ನ ಎರಡೆರಡು ಗ್ಲೌಸನ್ನೂ ನೋಡಿದ್ದಳು, ಈಗ ಉಡಿ ತಪ್ಪಿಸಿದ್ದನ್ನೂ ನೋಡಿದಳು. ಮಧ್ಯಾಹ್ನದೊಳಗೆ ಇಡೀ ವಾರ್ಡು ಗುಸುಗುಸು ಎನ್ನುತ್ತಿತ್ತು. ಅತ್ತೆ, ಸೊಸೆಯನ್ನೂ ಕೂಸನ್ನೂ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಒಬ್ಬಳೇ ಊರಿಗೆ ಹೋದಳು. ನಿಂಗವ್ವನನ್ನು ತವರಿನ ಬಸ್ಸು ಹತ್ತಿಸಿ ಬಂದವಳು ಹುಸೇನಬಿ.

ಗುಟ್ಟು ಹೇಗೆ ಹೊರಬಿತ್ತೆಂದು ಡಾಕ್ಟರು ವಿಚಾರಿಸಿದರು. ಎಲ್ಲರ ಬೆರಳೂ ಹುಸೇನಬಿಯ ಕಡೆಗೆ — ಡಾಕ್ಟರು ನಿಂಗವ್ವನಿಗೆ ಹೇಳುವಾಗ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಾಳೆ, ಆಯಾಗಳ ಬಾಯಿ ಸಡಿಲ. “ನಾ ಯಾರ ಮುಂದೂ ಹೇಳಿಲ್ರಿ ಸಾಹೇಬ್ರ, ಅಲ್ಲಾನ ಆಣಿ,” ಎಂದು ಆಕೆ ನನ್ನ ಮುಖ ನೋಡಿದಳು. ನಾನು ಬ್ಯಾಂಡೇಜು ಸುತ್ತುತ್ತ ಕೂತಿದ್ದೆ. ನಾನೂ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲವಲ್ಲ — ಆರು ವರ್ಷ ನನಗೆ ನಾನೇ ಹೇಳಿಕೊಂಡ ಸಮಾಧಾನ ಅದೇ. ಥೂ ನನ್ನ ಬಾಳಿಗೆ! ಮರುದಿನದಿಂದ ಹುಸೇನಬಿಗೆ ಕೆಲಸವಿಲ್ಲ. ತಾಳಿಕೋಟೆಯ ಮಗಳ ಮನೆಗೆ ಹೋದಳೆಂದು ಕೇಳಿದೆ.

ಆಮೇಲೆ ಕಾಲ ಬದಲಾಯಿತು. ಸೋಂಕಿರುವವರೇ ಕೂಡಿ ಸಂಘ ಕಟ್ಟಿದರು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಂದು ತಪಾಸಣೆ ಮಾಡುವರು: ಗುಳಿಗೆ ಸಿಗುತ್ತವೆಯೇ, ರೋಗಿಗಳನ್ನು ಬೇರೆ ಕೂರಿಸುತ್ತೀರಾ, ಮಾತಾಡುವಾಗ ಬಾಗಿಲು ಮುಚ್ಚುತ್ತೀರಾ. ಹತ್ತು ಪ್ರಶ್ನೆಗಳ ಅಚ್ಚಾದ ಹಾಳೆ. ಮೊದಲ ಸಭೆಗೆ ಆ ಹಾಳೆ ಹಿಡಿದು ಬಂದ ಮುಂದಾಳು ಯಾರು ಅಂದುಕೊಂಡಿರಿ? ನಿಂಗವ್ವ! ಮೈ ಕೈ ತುಂಬಿಕೊಂಡು, ಕನ್ನಡಕ ಹಾಕಿಕೊಂಡು. ಮಗಳಿಗೆ ಸೋಂಕಿಲ್ಲ, ಸಾಲೆಗೆ ಹೋಗುತ್ತಾಳೆ ಎಂದು ಎಲ್ಲರೆದುರು ಹೇಳಿದಳು. ನನಗೆ ಹಿಗ್ಗೂ ಆಯಿತು, ಹೆದರಿಕೆಯೂ ಆಯಿತು.

ಹತ್ತು ಪ್ರಶ್ನೆ ಮುಗಿದವು. ಹಾಳೆಯ ಕೆಳಗೆ ಆಕೆ ಪೆನ್ನಿನಿಂದ ಹನ್ನೊಂದನೆಯದೊಂದು ಬರೆದುಕೊಂಡಿದ್ದಳು.

“ಮನಿಗಿ ಹೋಗೂ ಮುಂದ ಎಲ್ಲಾ ಬಾಣಂತ್ಯಾರಿಗೂ ಉಡಿ ತುಂಬ್ತೀರೇನ್ರಿ?”

ಡಾಕ್ಟರು ನಕ್ಕರು. “ಇದೂ ಸರ್ಕಾರದ ಕೆಲಸ ಏನ ನಿಂಗವ್ವಾ?”

“ಸರ್ಕಾರದ್ದಲ್ರಿ, ನಂದು. ಉತ್ತರಾ ಹೇಳ್ರಿ, ಬರ್ಕೋತೇನಿ.”

ಆಕೆ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಕೂತೇ ಇರುತ್ತಿದ್ದೆನೋ ಏನೋ — ನಾನು ಎದ್ದು ನಿಂತೆ.

“ಇಲ್ಲ ಅಂತ ಬರಿ. ನಿಂಗ ತುಂಬ್ಲಿಲ್ಲ. ಅದಕ್ಕ ಊರಿಗೆಲ್ಲಾ ಗೊತ್ತಾತು. ಹುಸೇನಬಿ ಒಂದ್ ಮಾತೂ ಆಡಿಲ್ಲ ಸಾಹೇಬ್ರ. ಆಕೀ ಕೆಲಸ ತಗದಾಗ ನಾ ಬಾಯಿ ಮುಚ್ಕೊಂಡ್ ಕುಂತಿದ್ದೆ.”

ನಿಂಗವ್ವ ನಿಧಾನವಾಗಿ ‘ಇಲ್ಲ’ ಎಂದು ಬರೆದಳು. “ನನಗ ಆವತ್ತ ಗೊತ್ತಿತ್ರಿ,” ಎಂದಳು. “ನಿಮ್ಮ ಬಾಯಿಲೆ ಬರಬೇಕಿತ್ತು. ಈಗ ಹುಸೇನಬಿನ್ನ ಕರಕೊಂಡ್ ಬರ್ರಿ.”

ಆಕೆಯನ್ನು ಮತ್ತೆ ಕೆಲಸಕ್ಕೆ ಕರೆದ ಡಾಕ್ಟರರ ಚೀಟಿ ಹಿಡಿದು ಮರುದಿನವೇ ತಾಳಿಕೋಟೆಯ ಬಸ್ಸು ಹತ್ತಿದೆ. ಹುಸೇನಬಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು, ಬಡಿಯುವುದು ನಿಲ್ಲಿಸಲಿಲ್ಲ.

“ಬಾಯಿ ತೆರ್ಯಾಕ ಇಷ್ಟ್ ವರ್ಷಾ ಬೇಕಾತೇನ್ ನಿಮಗ? ವಾರ್ಡಿನ್ಯಾಗ ಅಷ್ಟ್ ಒದರತಿದ್ರಿ!”

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಆಕೆ ಸಮಾಧಾನ ಮಾಡಲಿಲ್ಲ. ಆದರೆ ಸೋಮವಾರ ತಲೆಯೆತ್ತಿಕೊಂಡು ಕೆಲಸಕ್ಕೆ ಬಂದಳು. ಆಕೆಯನ್ನು ಬೈದಿದ್ದ ಸಿಬ್ಬಂದಿಯೆಲ್ಲ ಎದುರುಗೊಳ್ಳಲು ಬಾಗಿಲಿಗೆ ಬಂದು ನಿಂತಿದ್ದರು.

ಮುಂದಿನ ತಪಾಸಣೆಯ ದಿನ ನಾಲ್ವರು ಬಾಣಂತಿಯರು ಮನೆಗೆ ಹೊರಟಿದ್ದರು. ಅವರಲ್ಲೊಬ್ಬಳಿಗೆ ಸೋಂಕಿತ್ತು. ಹುಸೇನಬಿ ತಟ್ಟೆ ಹಿಡಿದಳು, ನಾನು ನಾಲ್ವರಿಗೂ ಬರಿಗೈಯಿಂದ ಐದೈದು ಹಿಡಿ ತುಂಬಿದೆ. ಅತ್ತೆಯರು ಸೊಸೆಯರ ಸೆರಗು ಸಿಕ್ಕಿಸಿ ಗಂಟು ಹಾಕಿದರು. ವಾರ್ಡು ಗಲಗಲ ಎನ್ನುತ್ತಿತ್ತು.

ಒಬ್ಬಳಿಗೆ ಸೋಂಕಿದೆಯೆಂದಷ್ಟೇ ಗೊತ್ತಿದ್ದ ನಿಂಗವ್ವ ಬಾಗಿಲಲ್ಲಿ ನಿಂತು ನಾಲ್ಕೂ ಮಂಚಗಳನ್ನು ನೋಡಿ ನನ್ನ ಬಳಿ ಬಂದಳು. “ನಾಲ್ವರೊಳಗ ಯಾರಂತ ನನಗೂ ತಿಳೀಲಿಲ್ಲ ನೋಡ್ರಿ!” ಎಂದು ನನ್ನ ಕಿವಿಯಲ್ಲಿ ಹೇಳಿ, ಜೋರಾಗಿ ನಕ್ಕು ಹನ್ನೊಂದನೆಯ ಪ್ರಶ್ನೆಯ ಮುಂದೆ ‘ಹೌದು’ ಎಂದು ಬರೆದಳು. ನನ್ನ ಇಡೀ ನೌಕರಿಯಲ್ಲಿ ಅಷ್ಟು ದೊಡ್ಡ ಗೆಲುವು ಇನ್ನೊಂದಿಲ್ಲ, ಅದು ಆಕೆಯದು.

ತಟ್ಟೆಯಲ್ಲಿ ಇನ್ನೂ ಅಕ್ಕಿ ಉಳಿದಿತ್ತು. ಮುಷ್ಟಿ ತುಂಬಿಕೊಂಡು ಆಕೆಯ ಮುಂದೆ ನಿಂತೆ. ನಿಂಗವ್ವ ಸೆರಗೊಡ್ಡಲಿಲ್ಲ.

“ನನ್ನ ಉಡಿ ಆವತ್ತಿನ ದಿನದ್ದು ಸಿಸ್ಟರ್. ಮುಂದ ಬರೋರಿಗಿ ತುಂಬ್ರಿ.”

ತುಂಬುತ್ತಿದ್ದೇನೆ. ನಿವೃತ್ತಿಯಾದರೂ ಹುಸೇನಬಿ ಹೇಳಿಕಳಿಸಿದ ದಿನ ಹೋಗಿ ತುಂಬಿ ಬರುತ್ತೇನೆ.